ಇಳಿಯದಿರುವ ನಿರ್ಧಾರವೂ ವಿದ್ಯೆಯೇ

ಸಣ್ಣ ವಿಮಾನಗಳ ಇಳಿತದ ಅಪಘಾತಗಳನ್ನು ಕುರಿತ ನಮ್ಮ ಲೇಖನಕ್ಕೆ ಸೋಮವಾರಪೇಟೆಯ ಕಾಫಿ ಬೆಳೆಗಾರರೊಬ್ಬರು ಆಕ್ಷೇಪ ಬರೆದಿದ್ದಾರೆ: "ವಿಮಾನ ಇಳಿಸುವುದು ಕೈಗೆ ಹತ್ತಬೇಕಾದ ವಿದ್ಯೆ. ಅದು ಬಂದರೆ ಸಾಕು, ಪೈಲಟ್‌ನ ನಿರ್ಧಾರದ ಬಗ್ಗೆ ಇಷ್ಟೊಂದು ಚರ್ಚೆ ಏಕೆ?" ಅವರ ಮಗಳು ಈ ವರ್ಷ ಪೈಲಟ್ ತರಬೇತಿಗೆ ಸೇರಲಿದ್ದಾಳಂತೆ.

ಸಂಪಾದಕರ ಉತ್ತರ:

ಮಾನ್ಯರೇ,

ಅಡ್ಡಗಾಳಿಯಲ್ಲಿ ವಿಮಾನವನ್ನು ರನ್‌ವೇಯ ನಡುಗೆರೆಯ ಮೇಲೆ ಹಿಡಿದು ಇಳಿಸುವುದು ಅಭ್ಯಾಸಬಲದಿಂದಲೇ ಬರುವಂಥದ್ದು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಕೈ ತಪ್ಪುವುದಕ್ಕೆ ಮೊದಲೇ ನಿರ್ಧಾರ ತಪ್ಪಿರುವ ಸಂದರ್ಭಗಳು ಬಹಳ.

ತರಬೇತಿಯಲ್ಲಿ ಹೆಚ್ಚಾಗಿ ಬಳಸುವ ಸೆಸ್ನಾ 172 ವಿಮಾನವನ್ನೇ ನೋಡಿ. ಇಳಿಯಲು ಬರುವಾಗ ಅದರ ವೇಗ ಸಾಮಾನ್ಯವಾಗಿ 65 ನಾಟ್, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್ ಇರುತ್ತದೆ. ಅದೇ ವಿಮಾನ 75 ನಾಟ್ ವೇಗದಲ್ಲಿ ಬಂದರೆ, ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಮೂರನೇ ಒಂದು ಪಾಲಿನಷ್ಟು ಹೆಚ್ಚು ಶಕ್ತಿಯನ್ನು ಹೊತ್ತು ತರುತ್ತದೆ. ಆಗ ಅದು ನೆಲ ಮುಟ್ಟದೆ ರನ್‌ವೇಯ ಮೇಲೆ ತೇಲುತ್ತ ಹೋಗುತ್ತದೆ. ಮುಂದಿನ ರನ್‌ವೇ ಕರಗುತ್ತಿರುವುದನ್ನು ಕಂಡು ಆತುರಗೊಂಡ ಪೈಲಟ್ ಮೂತಿಯನ್ನು ಕೆಳಗೆ ಒತ್ತುತ್ತಾನೆ. ಮುಂಚಕ್ರ ಮೊದಲು ಬಡಿದು ವಿಮಾನ ಪುಟಿಯುತ್ತದೆ. ಅವನು ಮತ್ತೆ ಒತ್ತುತ್ತಾನೆ. ಪ್ರತಿ ಪುಟಿತವೂ ಹಿಂದಿನದಕ್ಕಿಂತ ಜೋರಾಗುತ್ತ, ಕೊನೆಗೆ ಮುಂಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಮೊದಲ ಪುಟಿತಕ್ಕೇ ಥ್ರಾಟಲ್ ಪೂರ್ತಿ ಕೊಟ್ಟು, ಫ್ಲಾಪ್‌ಗಳನ್ನು (ಇಳಿಯುವಾಗ ಕೆಳಗೆ ಬಾಗಿಸುವ, ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು) ಹಂತ ಹಂತವಾಗಿ ಎತ್ತಿ ಮೇಲೇರಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಹೀಗೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದಕ್ಕೆ 'ಗೋ ಅರೌಂಡ್' ಎನ್ನುತ್ತಾರೆ.

ಸಂಪಾಜೆ ಘಾಟಿಯಲ್ಲಿ ಮಂಜು ಕವಿದರೆ ನಾವು ಗಾಡಿಯನ್ನು ಬದಿಗೆ ಹಾಕಿ ಕಾಯುತ್ತೇವೆ. ಇಳಿಯುತ್ತಿರುವ ವಿಮಾನಕ್ಕೆ ಅಂಥ ಬದಿ ಇರುವುದು ಮೇಲಕ್ಕೆ ಮಾತ್ರ.

ಇದನ್ನು ಹೊಸಬರ ಸಮಸ್ಯೆ ಎಂದು ತಿಳಿಯಬೇಡಿ. 2010ರ ಮೇ 22ರಂದು ನಮ್ಮ ನೆರೆಯ ಮಂಗಳೂರಿನಲ್ಲಿ 158 ಜೀವಗಳನ್ನು ಬಲಿ ತೆಗೆದುಕೊಂಡ ಅಪಘಾತದಲ್ಲಿ ಇದ್ದದ್ದು ದೊಡ್ಡ ಬೋಯಿಂಗ್ ವಿಮಾನ, ನಡೆಸುತ್ತಿದ್ದವರು ಬಹಳ ಅನುಭವಿ ಕ್ಯಾಪ್ಟನ್. ಗೋ ಅರೌಂಡ್ ಮಾಡೋಣವೆಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದರೂ ಇಳಿತ ಮುಂದುವರಿಯಿತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ವಿಮಾನ ನೆಲ ಮುಟ್ಟಿತು. ವೇಗ ತಗ್ಗಿಸಲು ಎಂಜಿನ್‌ನ ನೂಕುಬಲವನ್ನು ಹಿಮ್ಮುಖಗೊಳಿಸುವ ರಿವರ್ಸ್ ಥ್ರಸ್ಟ್ ಹಾಕಿದ ಬಳಿಕ ಮತ್ತೆ ಮೇಲೇಳಲು ಯತ್ನಿಸಿದಾಗ ಕಾಲ ಮಿಂಚಿತ್ತು. ಗುರಿ ಹತ್ತಿರವಾದಷ್ಟೂ ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ಸಾವಿರಾರು ಗಂಟೆಗಳ ಹಾರಾಟವೂ ಈ ಹಟವನ್ನು ತಾನಾಗಿ ಅಳಿಸುವುದಿಲ್ಲ. ಆದ್ದರಿಂದಲೇ, ಇಂತಿಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಿಕ್ಕು, ಇಳಿಯುವ ದರ ಹದಕ್ಕೆ ಬರದಿದ್ದರೆ ವಾದವಿಲ್ಲದೆ ಮೇಲೇರಬೇಕೆಂಬ ನಿಯಮವನ್ನು ವಿಮಾನಯಾನ ಸಂಸ್ಥೆಗಳು ಪಾಲಿಸುತ್ತವೆ.

ನಿಮ್ಮ ಮಗಳನ್ನು ಸೇರಿಸುವ ಮುನ್ನ ಶಾಲೆಯವರನ್ನು ಎರಡು ವಿಷಯ ಕೇಳಿ. ಪುಟಿದ ವಿಮಾನವನ್ನು ಮತ್ತೆ ಮೇಲೇರಿಸುವ ಅಭ್ಯಾಸವನ್ನು ಒಂಟಿ ಹಾರಾಟಕ್ಕೆ ಬಿಡುವ ಮೊದಲೇ ಸಾಕಷ್ಟು ಮಾಡಿಸುತ್ತಾರೆಯೇ? ವಿದ್ಯಾರ್ಥಿ ತಾನಾಗಿ ಗೋ ಅರೌಂಡ್ ಮಾಡಿ ಬಂದಾಗ ಬೋಧಕರು ಅದನ್ನು ತಪ್ಪೆಂದು ಎಣಿಸುತ್ತಾರೆಯೋ, ಭೇಷ್ ಎನ್ನುತ್ತಾರೆಯೋ? ಅದನ್ನು ತಪ್ಪೆಂದು ಎಣಿಸುವ ಶಾಲೆಗೆ ದಯವಿಟ್ಟು ಸೇರಿಸಬೇಡಿ.