ಅಣ್ಣನ ವಾಕ್ಯದಲ್ಲಿ ಕಾಮಾ ಬೇಕಾ?

'ಬೇಲೂರಿನ ತೋಟ ನೋಡಿಕೊಳ್ಳುವ ನಮ್ಮಣ್ಣ ನಾಳೆ ಬರುತ್ತಾನೆ' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಕಾಮಾ ಬೇಕಾ ಅಂತ ಕೇಳಿದ್ದೀರಿ. ಅದು ನಿಮಗೆ ಎಷ್ಟು ಜನ ಅಣ್ಣತಮ್ಮಂದಿರು ಅನ್ನುವುದರ ಮೇಲಿದೆ! 'ಮೈ ಬ್ರದರ್ ಹೂ ಲುಕ್ಸ್ ಆಫ್ಟರ್ ದಿ ಎಸ್ಟೇಟ್ ಈಸ್ ಕಮಿಂಗ್ ಟುಮಾರೊ' ಅಂತ ಕಾಮಾ ಇಲ್ಲದೆ ಬರೆದರೆ, ಇರುವ ಹಲವು ಅಣ್ಣತಮ್ಮಂದಿರಲ್ಲಿ ತೋಟ ನೋಡಿಕೊಳ್ಳುವವನು ಅಂತ ಅರ್ಥ. ಒಬ್ಬನೇ ಆದರೆ 'ಬ್ರದರ್' ಆದ ಮೇಲೆ ಒಂದು, 'ಎಸ್ಟೇಟ್' ಆದ ಮೇಲೆ ಒಂದು ಕಾಮಾ ಹಾಕಿ, ಎರಡೂ ಬೇಕು, ಒಂದನ್ನೇ ಹಾಕಿ ಸುಮ್ನೆ ಬಿಡಬೇಡಿ.

'ಹೂ ಹಿ ಲುಕ್ಸ್' ಅಂತ ಮಾತ್ರ ಖಂಡಿತ ಬೇಡ, 'ಹೂ' ಬಂದ ಮೇಲೆ 'ಹಿ' ಯಾಕೆ ಅಲ್ವಾ? 'ದಿ ಮ್ಯಾನ್ ಐ ಮೆಟ್ ಇನ್ ಹಾಸನ್' ಅನ್ನುವಲ್ಲಿ 'ಹೂ' ಬಿಟ್ಟರೂ ಸರಿ, ಯಾಕೆಂದರೆ ಭೇಟಿ ಮಾಡಿದ್ದು ನೀವು, ಆ ಮನುಷ್ಯ ಅಲ್ಲ. ನಿಮ್ಮ ವಾಕ್ಯದಲ್ಲಿ ತೋಟ ನೋಡಿಕೊಳ್ಳುವವನು ಅಣ್ಣನೇ, ಹಾಗಾಗಿ ಅಲ್ಲಿ ಬಿಡುವ ಹಾಗಿಲ್ಲ.