ಮುರ್ಷಿದಾಬಾದಿನ ಬಾವುಟ: ತಪ್ಪು ಇದ್ದದ್ದು ಬೇರೆ ಸಾಲಿನಲ್ಲಿ

‘1947ರ ಆಗಸ್ಟ್ 15ರಂದು ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ ಬಾವುಟ ಏರಿತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮುರ್ಷಿದಾಬಾದ್ ಇರುವುದು ನಮ್ಮ ಪಶ್ಚಿಮ ಬಂಗಾಳದಲ್ಲಿ. ಮಕ್ಕಳೂ ಓದುವ ಪತ್ರಿಕೆಯಲ್ಲಿ ಇಂಥ ತಪ್ಪೇ?’
– ನಿವೃತ್ತ ಶಿಕ್ಷಕರೊಬ್ಬರು, ಸಿಂಧನೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ಆ ಪುಟವನ್ನೇ ಹರಿದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿದ್ದೀರಿ. ನೋಡಿದಾಗ ಎದೆ ಧಸಕ್ಕೆಂದಿದ್ದು ನಿಜ. ಆದರೆ ಆ ಸಾಲು ಸರಿಯಾಗಿಯೇ ಇದೆ.

ದೇಶ ಎರಡಾದದ್ದು 15ಕ್ಕೆ. ಗಡಿ ಎಲ್ಲಿ ಹಾದುಹೋಗಿದೆ ಎಂದು ಪ್ರಕಟವಾದದ್ದು 17ಕ್ಕೆ. ಅದನ್ನು ಎಳೆದ ಸಿರಿಲ್ ರ‍್ಯಾಡ್‌ಕ್ಲಿಫ್ ಲಂಡನ್ನಿನ ವಕೀಲ. ಜುಲೈ 8ರಂದು ಇಲ್ಲಿಗೆ ಬಂದಿಳಿಯುವ ಮೊದಲು ಭಾರತವನ್ನು ನೋಡಿದವರೇ ಅಲ್ಲ. ಪಂಜಾಬು, ಬಂಗಾಳ ಎರಡಕ್ಕೂ ಸೇರಿ ಸಿಕ್ಕಿದ್ದು ಐದು ವಾರ. ಎರಡಕ್ಕೂ ಒಂದೊಂದು ಗಡಿ ಆಯೋಗ; ಪ್ರತಿಯೊಂದರಲ್ಲೂ ಕಾಂಗ್ರೆಸ್ ಸೂಚಿಸಿದ ಇಬ್ಬರು, ಮುಸ್ಲಿಂ ಲೀಗ್ ಸೂಚಿಸಿದ ಇಬ್ಬರು ನ್ಯಾಯಾಧೀಶರು. ಅವರು ಒಮ್ಮತಕ್ಕೆ ಬರಲಿಲ್ಲ, ಕೊನೆಯ ಮಾತು ರ‍್ಯಾಡ್‌ಕ್ಲಿಫರದೇ ಆಯಿತು. ತೀರ್ಪು 15ಕ್ಕೆ ಮುಂಚೆಯೇ ತಯಾರಿತ್ತು. ವೈಸರಾಯ್ ಮೌಂಟ್‌ಬ್ಯಾಟನ್ ಸ್ವಾತಂತ್ರ್ಯದ ಹಬ್ಬ ಮುಗಿಯಲಿ ಎಂದು ತಡೆದಿಟ್ಟರು.

ಅಲ್ಲಿಯವರೆಗೆ ಜನರ ಕೈಯಲ್ಲಿದ್ದದ್ದು ಸ್ವಾತಂತ್ರ್ಯ ಕಾಯ್ದೆಯ ತಾತ್ಕಾಲಿಕ ಪಟ್ಟಿ, 1941ರ ಜನಗಣತಿಯ ಲೆಕ್ಕದ್ದು. ಮುಸ್ಲಿಮರು ಹೆಚ್ಚಿದ್ದ ಮುರ್ಷಿದಾಬಾದ್ ಅದರಲ್ಲಿ ಪಾಕಿಸ್ತಾನಕ್ಕೆ ಸೇರಲಿದ್ದ ಪೂರ್ವ ಬಂಗಾಳದ ಪಾಲು. ಹಾಗಾಗಿ ಅಲ್ಲಿ ಪಾಕಿಸ್ತಾನದ ಬಾವುಟ. ಹಿಂದೂಗಳ ಸಂಖ್ಯೆ ಕೂದಲೆಳೆಯಷ್ಟು ಹೆಚ್ಚಿದ್ದ, ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾದಲ್ಲಿ ತ್ರಿವರ್ಣ. ತೀರ್ಪು ಬಂದಾಗ ಎರಡೂ ಅದಲುಬದಲು. ಏರಿಸಿದ್ದನ್ನು ಇಳಿಸಿ ಇನ್ನೊಂದನ್ನು ಏರಿಸಬೇಕಾಯಿತು. ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ಶಿಬ್‌ನಿಬಾಸ್‌ನಲ್ಲಿ ಆಗಸ್ಟ್ 18ಕ್ಕೂ ಧ್ವಜ ಏರಿಸುವುದು ಈ ಗೊಂದಲದ ನೆನಪಿಗೇ.

ನಮ್ಮ ತಪ್ಪು ಇರುವುದು ಅದೇ ಲೇಖನದ ಕೊನೆಯ ಪ್ಯಾರಾದಲ್ಲಿ. ನಿಮ್ಮ ಕೆಂಪು ಶಾಯಿ ಅಲ್ಲಿಗೆ ತಲುಪಿಲ್ಲ! ‘ಬರೀ ಧರ್ಮದ ತಲೆಯೆಣಿಕೆ ಮಾಡಿ ಗಡಿ ಹಾಕಿದರು’ ಎಂದು ಬರೆದುಬಿಟ್ಟಿದ್ದೇವೆ. ಆಯೋಗಕ್ಕೆ ಕೊಟ್ಟ ಆದೇಶಕ್ಕೆ ‘ಇತರ ಅಂಶಗಳು’ ಎಂಬ ಬಾಲವೂ ಇತ್ತು. ತಲೆಯೆಣಿಕೆಯೊಂದೇ ಆಗಿದ್ದರೆ ಮುರ್ಷಿದಾಬಾದ್ ನಮಗೆ ಬರುತ್ತಲೇ ಇರಲಿಲ್ಲ. ಕಲ್ಕತ್ತಾ ಬಂದರು ಹೂಗ್ಲಿಯ ಮೇಲಿದೆ. ಹೂಗ್ಲಿಗೆ ಗಂಗೆಯ ನೀರು ತರುವ ಭಾಗೀರಥಿ ಕವಲೊಡೆಯುವುದು ಮುರ್ಷಿದಾಬಾದಿನಲ್ಲಿ. ಬಂದರು ಒಬ್ಬರಿಗೆ, ಅದರ ನೀರಿನ ಬಾಯಿ ಇನ್ನೊಬ್ಬರಿಗೆ ಅಂದರೆ ಹೇಗೆ? ಹೂಳು ತುಂಬುತ್ತಿದ್ದ ಆ ಬಂದರಿಗೆ ನೀರು ಹಾಯಿಸಲೆಂದೇ ಕಟ್ಟಿ, 1975ರಲ್ಲಿ ಶುರುವಾದ ಫರಕ್ಕಾ ಬ್ಯಾರೇಜು ಇರುವುದೂ ಇದೇ ಜಿಲ್ಲೆಯಲ್ಲಿ. ಅತ್ತ, ಬೌದ್ಧ ಬುಡಕಟ್ಟುಗಳೇ ಹೆಚ್ಚಿದ್ದ ಚಿತ್ತಗಾಂಗ್ ಗುಡ್ಡಗಾಡು ಪಾಕಿಸ್ತಾನಕ್ಕೆ ಹೋಯಿತು. ಯಾವ ಎಣಿಕೆಗೂ ಸಿಗದ ಪಾಲು ಅದು. ಕೊನೆಯ ಪ್ಯಾರಾದ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ.

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ನಿಮ್ಮ ತಾಲ್ಲೂಕಿನ ಆರ್‌.ಎಚ್‌. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿವೆಯಲ್ಲ, ಅಲ್ಲಿನ ಹಿರಿಯರನ್ನು ಕೇಳಿ ನೋಡಿ: ಆ ವಾರ ಅವರ ಊರಲ್ಲಿ ಮೊದಲು ಏರಿದ್ದು ಯಾವ ಬಾವುಟ? ಬರೆದು ಕಳಿಸಿ, ಪ್ರಕಟಿಸುತ್ತೇವೆ.