ಮಲ್ಲಿಕಾ ಎಂಬ ಹೆಸರಿಗೆ ಚೀನೀ ಅಕ್ಷರ ಯಾವುದು?

ಪ್ರಶ್ನೆ: ಮಾನ್ಯರೇ, ನಾವು ಶಿಡ್ಲಘಟ್ಟದಲ್ಲಿ ಎರಡು ತಲೆಮಾರಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುತ್ತಿರುವವರು. ಈಗ ಚೀನಾದಲ್ಲಿ ತಯಾರಾದ ಸ್ವಯಂಚಾಲಿತ ಯಂತ್ರ ಹಾಕಿಸುವ ಸಿದ್ಧತೆಯಲ್ಲಿದ್ದು, ಅದರ ಕೆಲಸ ಕಲಿಯಲು ನನ್ನ ಮಗಳು ಮಲ್ಲಿಕಾ ಕೆಲವು ತಿಂಗಳು ಅಲ್ಲಿಗೆ ಹೋಗಲಿದ್ದಾಳೆ. ಕರೆಯಲು ಅನುಕೂಲವಾಗುವಂತೆ ಚೀನೀ ಹೆಸರೊಂದನ್ನು ಇಟ್ಟುಕೊಂಡು ಬನ್ನಿ ಎಂದು ಅಲ್ಲಿಯವರು ಕೇಳಿದ್ದಾರೆ. ಮೊಬೈಲಿನ ಆ್ಯಪ್ ಒಂದು ‘ಮಾ-ಲೀ-ಖಾ’ ಎಂದು ಮೂರು ಅಕ್ಷರ ಕೊಟ್ಟಿದೆ; ಅವನ್ನು ಈ ಪತ್ರದ ಕೆಳಗೆ ಬರೆದಿದ್ದೇನೆ. ಇವಕ್ಕೆ ಒಳ್ಳೆಯ ಅರ್ಥವಿದೆಯೇ? ನನ್ನ ತಾಯಿ ಕಮಲಮ್ಮನವರ ನೆನಪೂ ರೇಷ್ಮೆಯ ಅರ್ಥವೂ ಹೆಸರಿನಲ್ಲಿ ಬರಬೇಕೆಂಬುದು ನಮ್ಮೆಲ್ಲರ ಆಸೆ.
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಅಕ್ಷರಗಳನ್ನೇ ಬರೆದು ಕಳಿಸಿದ್ದರಿಂದ ಉತ್ತರಿಸುವುದು ಸಾಧ್ಯವಾಯಿತು. ಆ್ಯಪ್ ಕೊಟ್ಟಿರುವ ಮೊದಲನೆಯ ಅಕ್ಷರಕ್ಕೆ ಕುದುರೆ ಎಂದೂ ಎರಡನೆಯದಕ್ಕೆ ಬಲ ಎಂದೂ ಮೂರನೆಯದಕ್ಕೆ ಕಾರ್ಡು ಎಂದೂ ಅರ್ಥ. ಮೊದಲ ಎರಡನ್ನು ಕೂಡಿಸಿ ಓದಿದರೆ ಎಂಜಿನ್ನಿನ ಅಶ್ವಶಕ್ತಿ ಎಂದಾಗುತ್ತದೆ. ಯಂತ್ರ ಕಲಿಯಲು ಹೋಗುವ ಹುಡುಗಿಗೆ ಅದು ಅಪಶಬ್ದವೇನಲ್ಲ, ಆದರೆ ಹೆಸರೂ ಅಲ್ಲ. ದಯವಿಟ್ಟು ಅದನ್ನು ಕೈಬಿಡಿ.

ಕನ್ನಡದ ಅಕ್ಷರ ಧ್ವನಿಯನ್ನಷ್ಟೇ ಹೇಳುತ್ತದೆ. ಚೀನೀ ಅಕ್ಷರ ಧ್ವನಿಯ ಜೊತೆಗೆ ಅರ್ಥವನ್ನೂ ಹೊತ್ತಿರುತ್ತದೆ. ಸ್ವರಭೇದವನ್ನು, ಅಂದರೆ ದನಿಯ ಏರಿಳಿತವನ್ನು, ಲೆಕ್ಕಕ್ಕೆ ಹಿಡಿಯದಿದ್ದರೆ ಚೀನಾದ ಅಧಿಕೃತ ನುಡಿಯಾದ ಮ್ಯಾಂಡರಿನ್ ಭಾಷೆಯಲ್ಲಿರುವುದು ಸುಮಾರು 400 ಉಚ್ಚಾರಗಳು ಮಾತ್ರ. ಚೀನಾ ಸರ್ಕಾರ 2013ರಲ್ಲಿ ಪ್ರಕಟಿಸಿದ ಸಾಮಾನ್ಯ ಬಳಕೆಯ ಅಕ್ಷರಗಳ ಪಟ್ಟಿಯಲ್ಲಾದರೋ 8105 ಅಕ್ಷರಗಳಿವೆ. ಹೀಗಾಗಿ ‘ಲೀ’ ಎಂಬ ಒಂದೇ ಉಚ್ಚಾರವನ್ನು ಬಲ, ಲಾಭ, ಚೆಲುವು, ನ್ಯಾಯ, ಅಗಲಿಕೆ, ಪಿಯರ್ ಹಣ್ಣು ಮುಂತಾದ ಅರ್ಥಗಳ ಹತ್ತಾರು ಅಕ್ಷರಗಳು ಹಂಚಿಕೊಂಡಿವೆ, ಮತ್ತು ಅವುಗಳಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದೇ ಹೆಸರಿಡುವ ಕೆಲಸದ ತಿರುಳು. ವಿದೇಶಿಯರ ಹೆಸರನ್ನು ಧ್ವನಿಗೆ ತಕ್ಕಂತೆ ಬರೆದುಕೊಳ್ಳುವುದು ಪತ್ರಿಕೆಗಳ ಅನುಕೂಲದ ಪದ್ಧತಿ. ಆಪ್ತವಾಗಿ ಕರೆಯಬೇಕಾದ ಹೆಸರಿಗೆ ಮೊದಲು ಅರ್ಥವನ್ನು ನೋಡಬೇಕು. ಮೂಲ ಹೆಸರಿನ ದನಿ ಒಂದೆರಡು ಕಡೆ ಮೊಳಗಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಭಾರತೀಯರಲ್ಲೇ ಒಳ್ಳೆಯ ಮೇಲ್ಪಂಕ್ತಿಗಳಿವೆ. 1924ರಲ್ಲಿ ರವೀಂದ್ರನಾಥ ಠಾಕೂರರು ಚೀನಾಕ್ಕೆ ಹೋದಾಗ ಅಲ್ಲಿನ ವಿದ್ವಾಂಸರಾದ ಲಿಯಾಂಗ್ ಛಿಛಾವ್ ಅವರು ಠಾಕೂರರಿಗೆ ‘ಜು ಜೆನ್‌ದಾನ್’ ಎಂಬ ಹೆಸರನ್ನು ಕೊಟ್ಟರು. ‘ಜು’ ಎಂಬುದು ಭಾರತಕ್ಕೆ ಚೀನೀಯರು ಬಳಸುತ್ತಿದ್ದ ಹಳೆಯ ಹೆಸರಿನ ತುಣುಕು. ‘ಜೆನ್’ ಎಂದರೆ ಗುಡುಗು, ‘ದಾನ್’ ಎಂದರೆ ಮುಂಜಾವು. ಅಂದರೆ ಇಂದ್ರನೂ ರವಿಯೂ ಅದರಲ್ಲಿ ಬಂದರು. ಜೊತೆಗೆ ‘ಜೆನ್‌ದಾನ್’ ಎಂದು ಕೂಡಿಸಿ ಓದಿದರೆ ಅದು ಚೀನಾ ದೇಶಕ್ಕಿದ್ದ ಪ್ರಾಚೀನ ಹೆಸರೂ ಹೌದು. ದನಿಯಲ್ಲಿ ರವೀಂದ್ರ ಎಂಬುದರ ಸುಳಿವೂ ಇಲ್ಲ, ಅರ್ಥದಲ್ಲಿ ಮಾತ್ರ ಅವರು ಪೂರ್ತಿಯಾಗಿದ್ದಾರೆ. ನಮ್ಮ ನೆರೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ವೈದ್ಯ ತಂಡದೊಡನೆ ಹೋದವರು. ಅವರ ‘ಖ ದಿಹ್ವಾ’ ಎಂಬ ಹೆಸರಿನ ಕೊನೆಯ ಅಕ್ಷರಕ್ಕೆ ಚೀನಾ ಎಂದರ್ಥ. ಅವರ ಮಗನ ಹೆಸರು ‘ಯಿನ್‌ಹ್ವಾ’, ಅಂದರೆ ಭಾರತ-ಚೀನಾ.

ಇನ್ನು ನಿಮ್ಮ ಮಗಳ ಹೆಸರಿಗೆ ಬರೋಣ. ಮಲ್ಲಿಗೆಗೆ ಚೀನೀ ಭಾಷೆಯಲ್ಲಿ ‘ಮೊಲೀ’ ಎನ್ನುತ್ತಾರೆ, ಮತ್ತು ಆ ಪದ ಸಂಸ್ಕೃತದ ‘ಮಲ್ಲಿ’, ‘ಮಲ್ಲಿಕಾ’ ಎಂಬುದರಿಂದಲೇ ಅಲ್ಲಿಗೆ ಹೋದದ್ದು. ನಿಮ್ಮ ಮಗಳಿಗಿಂತ ಎಷ್ಟೋ ಶತಮಾನ ಮೊದಲೇ ಅವಳ ಹೆಸರು ಆ ದೇಶಕ್ಕೆ ಹೋಗಿ ನೆಲೆಸಿದೆ ಎಂಬುದು ನನಗೆ ಈ ಪ್ರಶ್ನೆಯಲ್ಲಿ ಸಿಕ್ಕ ದೊಡ್ಡ ಸಂತೋಷ. ಆದರೆ ‘ಮೊಲೀ’ ಎಂಬುದನ್ನು ಇಡಿಯಾಗಿ ಇಟ್ಟುಕೊಳ್ಳಬೇಡಿ. ಅದು ‘ಲಾಭವಿಲ್ಲ’ ಎಂಬಂತೆ ಕೇಳಿಸುತ್ತದೆಂದು ತೆಂಕಣ ಚೀನಾದ ವ್ಯಾಪಾರಸ್ಥರಲ್ಲಿ ಹಿಂಜರಿಕೆಯಿದೆ, ನೀವು ಹೋಗುತ್ತಿರುವುದೂ ವ್ಯವಹಾರದ ಮನೆಗೆ. ಅದರ ಎರಡನೆಯ ಅಕ್ಷರವಾದ ‘ಲೀ’ಯನ್ನು ಮಾತ್ರ ತೆಗೆದುಕೊಳ್ಳಿ. ಹೆಣ್ಣುಮಕ್ಕಳ ಹೆಸರಿನಲ್ಲಿ ಅದು ಹೇರಳವಾಗಿ ಬಳಕೆಯಲ್ಲಿದೆ. ಅದರ ನೆತ್ತಿಯ ಮೇಲೆ ಹುಲ್ಲು-ಸಸ್ಯಗಳನ್ನು ಸೂಚಿಸುವ ಚಿಹ್ನೆಯಿದೆ. ಕೆಳಗಿರುವ ಭಾಗ ಪೈರು ಮತ್ತು ಕತ್ತಿಯ ಚಿಹ್ನೆಗಳು ಸೇರಿ ಆದದ್ದು, ಅದಕ್ಕೆ ಲಾಭ ಎಂದೇ ಅರ್ಥ.

ರೇಷ್ಮೆಯ ವಿಷಯದಲ್ಲಿ ಎಚ್ಚರ ಬೇಕು. ರೇಷ್ಮೆ ಎಳೆಗೆ ‘ಸಿ’ ಎನ್ನುತ್ತಾರೆ. ಮ್ಯಾಂಡರಿನ್‌ನಲ್ಲಿ ನಾಲ್ಕು ಸ್ವರಗಳಿದ್ದು, ಮೊದಲನೆಯ ಸ್ವರದಲ್ಲಿ ನುಡಿದಾಗ ಮಾತ್ರ ಅದು ರೇಷ್ಮೆ. ಮೂರನೆಯ ಸ್ವರಕ್ಕೆ ಇಳಿದರೆ ಸಾವು. ಹೊಸದಾಗಿ ಕಲಿಯುವವರ ನಾಲಿಗೆ ದಿನಕ್ಕೆ ಹತ್ತು ಸಲ ಜಾರಬಹುದಾದ ಜಾಗ ಅದು. ಆದರೆ ರೇಷ್ಮೆಯನ್ನು ನೇರವಾಗಿ ಹೇಳಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ರೇಷ್ಮೆ ಎಳೆಯ ಚಿಹ್ನೆ ಎಡಗಡೆಗೆ ಬರುವ ಅಕ್ಷರಗಳ ದೊಡ್ಡ ಕುಟುಂಬವೇ ಇದೆ. ಕೆಂಪು ಎಂಬ ಅಕ್ಷರದಲ್ಲಿ ಆ ಚಿಹ್ನೆಯಿದೆ. ಅಭ್ಯಾಸ ಎಂಬ ಅಕ್ಷರದಲ್ಲೂ ಇದೆ, ಅದರ ಮೊದಲ ಅರ್ಥ ಕಚ್ಚಾ ರೇಷ್ಮೆಯನ್ನು ಬೇಯಿಸಿ ಮೃದುಗೊಳಿಸುವುದು. ಈ ಮಾತು ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಹಾಸಿನ ನೂಲು ಎಂದು ಅರ್ಥವಿದ್ದ ‘ಜಿಂಗ್’ ಎಂಬ ಅಕ್ಷರವನ್ನು ಬೌದ್ಧ ಅನುವಾದಕರು ಸೂತ್ರ ಎಂಬುದಕ್ಕೆ ಬಳಸಿದರು. ಸಂಸ್ಕೃತದಲ್ಲೂ ಸೂತ್ರವೆಂದರೆ ನೂಲೇ ಅಲ್ಲವೇ! ಇದೇ ಕುಟುಂಬಕ್ಕೆ ಸೇರಿದ ‘ಛುನ್’ ಎಂಬ ಅಕ್ಷರ ಮೊದಲು ರೇಷ್ಮೆಯನ್ನು ಹೇಳುತ್ತಿದ್ದು, ಇಂದು ಪರಿಶುದ್ಧ ಎಂಬ ಅರ್ಥದಲ್ಲಿ ನಿಂತಿದೆ. ನಾನು ಆರಿಸುವುದು ಇದನ್ನು.

ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅದು ಸಾಮಾನ್ಯವಾಗಿ ಒಂದೇ ಅಕ್ಷರ. ಆಮೇಲೆ ವ್ಯಕ್ತಿಯ ಹೆಸರು, ಒಂದು ಅಥವಾ ಎರಡು ಅಕ್ಷರ. ಆ್ಯಪ್ ಕೊಟ್ಟ ‘ಮಾ’ ಅಲ್ಲಿ ಬಹಳ ಬಳಕೆಯಲ್ಲಿರುವ ಮನೆತನದ ಹೆಸರಾದ್ದರಿಂದ ಅದೊಂದನ್ನು ಉಳಿಸಿಕೊಳ್ಳಬಹುದು. ಚೀನಾದ ರೇಷ್ಮೆ ಸೀಮೆಗಳಲ್ಲಿ ಪೂಜೆಗೊಳ್ಳುತ್ತಿದ್ದ ದೇವತೆಗೆ ‘ಕುದುರೆ ತಲೆಯ ತಾಯಿ’ ಎಂದು ಹೆಸರು. ದೂರವಾಗಿದ್ದ ತನ್ನ ತಂದೆಯನ್ನು ಕರೆತಂದ ಕುದುರೆಗೆ ಕೊಟ್ಟ ಮಾತು ಮುರಿದುಬಿದ್ದು, ಕೊಂದ ಆ ಕುದುರೆಯ ಚರ್ಮವೇ ಹಾರಿಬಂದು ಹುಡುಗಿಯನ್ನು ಸುತ್ತಿಕೊಂಡಿತೆಂದೂ, ಅವಳು ಮರದ ಮೇಲೆ ರೇಷ್ಮೆಹುಳುವಾದಳೆಂದೂ ಅವಳ ಕಥೆ. ರೇಷ್ಮೆಯವರ ಮನೆಯ ಮಗಳಿಗೆ ‘ಮಾ’ ಎಂಬುದು ಹೀಗೆ ಬೇರೊಂದು ದಾರಿಯಿಂದಲೂ ಒಪ್ಪುತ್ತದೆ.

ನಿಮ್ಮ ತಾಯಿಯವರ ಹೆಸರಿನ ಬಗ್ಗೆ ನನ್ನ ಸಲಹೆ ನಿಮಗೆ ಸ್ವಲ್ಪ ನೋವು ತರಬಹುದು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮಲ್ಲಿ ಗೌರವ. ಚೀನಾದಲ್ಲಿ ಹಿರಿಯರ ಹೆಸರಿನ ಅಕ್ಷರವನ್ನು ಕಿರಿಯರಿಗೆ ಇಡದಿರುವುದೇ ಗೌರವ. ತಾವರೆಗೆ ‘ಲಿಯೆನ್’ ಎಂಬ ಸುಂದರವಾದ ಅಕ್ಷರವೇನೋ ಇದೆ, ‘ಲೀಲಿಯೆನ್’ ಎಂದರೆ ಮಲ್ಲಿಗೆ-ತಾವರೆ ಎರಡೂ ಬರುತ್ತವೆ. ಆದರೆ ಇಂಗ್ಲಿಷಿನ ಲಿಲಿಯನ್ ಎಂಬ ಹೆಸರನ್ನು ಅಲ್ಲಿ ಬರೆಯುವುದೂ ಅವೇ ಎರಡು ಅಕ್ಷರಗಳಲ್ಲಿ, ಆದ್ದರಿಂದ ಓದಿದವರ ಮನಸ್ಸಿಗೆ ಮೊದಲು ಬರುವುದು ಕಮಲಮ್ಮನವರಲ್ಲ.

ಹಾಗಾಗಿ ‘ಮಾ ಲೀಛುನ್’ ಎಂದು ಇಡಿ. ಮಲ್ಲಿಕಾ ಎಂಬುದರ ಮೊದಲೆರಡು ದನಿಗಳು ಉಳಿದವು, ಮಲ್ಲಿಗೆ ಉಳಿಯಿತು, ಒಳಗೆ ರೇಷ್ಮೆಯ ಎಳೆಯೂ ಇದೆ. ‘ಛುನ್’ ಎಂಬುದನ್ನು ಎರಡನೆಯ ಸ್ವರದಲ್ಲಿ, ಪ್ರಶ್ನೆ ಕೇಳುವಾಗ ದನಿ ಏರುವಂತೆ ಏರಿಸಿ ನುಡಿಯುವುದನ್ನು ಮಗಳು ಹೊರಡುವ ಮುನ್ನವೇ ರೂಢಿಸಿಕೊಳ್ಳಬೇಕು. ಮೂರನೆಯ ಸ್ವರದಲ್ಲಿ ಅದಕ್ಕೆ ದಡ್ಡತನದ ಅರ್ಥವಿದೆ. ಅಚ್ಚು ಹಾಕಿಸುವ ಮೊದಲು ಚೀನೀ ಮಾತೃಭಾಷೆಯವರೊಬ್ಬರಿಗೆ, ಸಾಧ್ಯವಾದರೆ ಆ ಕಾರ್ಖಾನೆಯ ಹಿರಿಯ ಹೆಂಗಸೊಬ್ಬರಿಗೆ ತೋರಿಸಿ, ಗಟ್ಟಿಯಾಗಿ ಓದಿಸಿ. ಅವರ ಪ್ರಾಂತದ ಆಡುನುಡಿಯಲ್ಲಿ ಬೇರೇನಾದರೂ ಕೇಳಿಸಿದರೆ ಅವರು ಹೇಳುತ್ತಾರೆ, ಆಗ ನನ್ನ ಮಾತಿಗಿಂತ ಅವರ ಮಾತನ್ನು ನಂಬಿ. ಪಾಸ್‌ಪೋರ್ಟಿನಲ್ಲಿ ಮಲ್ಲಿಕಾ ಮಲ್ಲಿಕಾಳಾಗಿಯೇ ಇರುತ್ತಾಳೆ.

ಪ್ರಶ್ನೆ: ನನ್ನ ಮಗ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿದ್ದಾಗ ತೈವಾನಿನ ಎಂಜಿನಿಯರುಗಳು ಅವನಿಗೆ ಚೀನೀ ಹೆಸರೊಂದನ್ನು ಇಟ್ಟಿದ್ದರು. ಈಗ ಚೀನಾಕ್ಕೆ ಹೋಗುವಾಗ ಅದನ್ನೇ ಬಳಸಬಹುದೇ? ಅಕ್ಷರಗಳನ್ನು ಬರೆಯುವ ಗೆರೆಗಳ ಲೆಕ್ಕ ನೋಡಿ ಬದಲಿಸಬೇಕೆಂದು ಕೆಲವರು ಹೇಳುತ್ತಾರೆ.
— ಓದುಗರೊಬ್ಬರು, ಕೋಲಾರ

ಉತ್ತರ: ಧಾರಾಳವಾಗಿ ಬಳಸಬಹುದು. ಜೊತೆಯಲ್ಲಿ ದುಡಿದವರು ಆರಿಸಿ ಇಟ್ಟ ಹೆಸರು ಆ್ಯಪ್ ಕೊಡುವ ಹೆಸರಿಗಿಂತ ಸಾವಿರ ಪಾಲು ಮೇಲು. ತೈವಾನಿನಲ್ಲಿ ಸಾಂಪ್ರದಾಯಿಕ ಲಿಪಿಯೂ ಚೀನಾದಲ್ಲಿ ಸರಳೀಕೃತ ಲಿಪಿಯೂ ಬಳಕೆಯಲ್ಲಿರುವುದರಿಂದ ಕೆಲವು ಅಕ್ಷರಗಳ ರೂಪ ಮಾತ್ರ ಬೇರೆಯಾಗುತ್ತದೆ, ಹೆಸರು ಬದಲಾಗುವುದಿಲ್ಲ. ಮೇಲೆ ಹೇಳಿದ ‘ಮಾ’ ಎಂಬ ಅಕ್ಷರಕ್ಕೆ ತೈವಾನಿನಲ್ಲಿ 10 ಗೆರೆ, ಚೀನಾದಲ್ಲಿ 3. ಗೆರೆ ಎಣಿಸಿ ಶುಭಾಶುಭ ಹೇಳುವ ಇಂದಿನ ಪದ್ಧತಿ 20ನೇ ಶತಮಾನದಲ್ಲಿ ಜಪಾನಿನಿಂದ ಹರಡಿದ್ದು. ಅದಕ್ಕಾಗಿ ಗೆಳೆಯರು ಇಟ್ಟ ಹೆಸರನ್ನು ಬಿಡಬೇಡಿ. ಸರಳೀಕೃತ ರೂಪ ಯಾವುದೆಂದು ಆ ಎಂಜಿನಿಯರುಗಳನ್ನೇ ಕೇಳಿ ಬರೆಸಿಕೊಂಡು, ವಿಸಿಟಿಂಗ್ ಕಾರ್ಡಿನಲ್ಲಿ ಅದನ್ನು ಹಾಕಿಸಿದರೆ ಸಾಕು.